ದೊಡ್ಡ ಪಣ ಬಂದಾಗ ಎಲೆ ಇಡುವುದೋ, ಆಡುವುದೋ?

ಕೇರಳದ ಗಡಿಗೆ ಅಂಟಿಕೊಂಡ ಪುತ್ತೂರು ತಾಲ್ಲೂಕಿನ ಈಶ್ವರಮಂಗಲದ ಕಡೆ ಇಸ್ಪೀಟಿನ ಜೂಜು ಎಂದೊಡನೆ ನೆನಪಾಗುವುದು ‘ಉಲಾಯಿ-ಪಿದಾಯಿ’. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ, ಅಷ್ಟೇ. ಹಣ ಇಟ್ಟ ಮೇಲೆ ಕಾಯುವುದೊಂದೇ ಬಾಕಿ, ತಲೆಗೆ ಕೆಲಸವಿಲ್ಲ. ಮೊಬೈಲಿನ ಮೂಲಕ ಹುಡುಗರ ಕಿವಿಗೆ ಬಿದ್ದಿರುವ ಪೋಕರ್ ಹಾಗಲ್ಲ. ಎದುರಾಳಿ ದೊಡ್ಡ ಪಣ ಒಡ್ಡಿದಾಗ ಅಷ್ಟೇ ಹಾಕಿ ಎದುರಿಸಬೇಕೋ, ಎಲೆ ಕೆಳಗಿಟ್ಟು ಸುಮ್ಮನಾಗಬೇಕೋ ಎಂಬ ಪ್ರಶ್ನೆ ಅದರಲ್ಲಿ ಮತ್ತೆ ಮತ್ತೆ ಏಳುತ್ತದೆ. ಪಿಯುಸಿಯ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರೂಪಾಯಿ ಬೇಡ, ಹುಣಸೆಬೀಜ ಸಾಕು.

ನಡುವೆ 100 ಬೀಜಗಳ ರಾಶಿ ಇದೆ ಎನ್ನಿ. ನಿಮ್ಮ ಕೈಯಲ್ಲಿ ಎರಡು ಎಲೆ, ಎಲ್ಲರಿಗೂ ಸೇರಿದ ನಾಲ್ಕು ಎಲೆ ಮೇಜಿನ ಮೇಲೆ, ಇನ್ನೊಂದು ಬರಬೇಕು. ಕಂಡ ಆರರಲ್ಲಿ ನಾಲ್ಕು ಆಟೀನು. ಐದನೆಯ ಆಟೀನು ಬಂದರೆ ಗೆಲುವು ನಿಮ್ಮದು, ಇಲ್ಲವಾದರೆ ಇಲ್ಲ ಎಂದಿಟ್ಟುಕೊಳ್ಳಿ. ಕಾಣದ ಎಲೆಗಳು 46, ಅವುಗಳಲ್ಲಿ ಆಟೀನು 9. ಅಂದರೆ ಐದು ಸಲ ಆಡಿದರೆ ಸುಮಾರಾಗಿ ಒಂದು ಸಲ ಗೆಲುವು.

ಎದುರಾಳಿ 25 ಬೀಜ ಹಾಕಿದರೆ? ನಾಲ್ಕು ಸಲ ಸೋತು ಕಳೆಯುವುದು 100, ಒಂದು ಸಲ ಗೆದ್ದು ಗಳಿಸುವುದು 125. ಎದುರಿಸಬಹುದು. ಅವನು 100 ಹಾಕಿದರೆ? ನಾಲ್ಕು ಸಲಕ್ಕೆ ನಷ್ಟ 400, ಒಂದು ಗೆಲುವಿಗೆ ಬರುವುದು 200. ಎಲೆ ಇಟ್ಟುಬಿಡುವುದೇ ಸರಿ. ಕೈಯಲ್ಲಿರುವ ಎಲೆ ಅದೇ, ಬದಲಾದದ್ದು ಬೆಲೆ ಮಾತ್ರ. ‘ಬಂದರೂ ಬರಬಹುದು’ ಎನ್ನುವವನು ಈ ಬೆಲೆಯನ್ನು ನೋಡುವುದೇ ಇಲ್ಲ.

ಆದರೆ ದೊಡ್ಡ ಪಣವೆಲ್ಲ ನಿಜವಾದ ಬಲವಲ್ಲ. ಬರಿಗೈಯವನೂ ಹೆದರಿಸಲು ಹಾಗೆ ಹಾಕುತ್ತಾನೆ. 100ರ ರಾಶಿಗೆ 100 ಒಡ್ಡಿದ ಬುರುಡೆಯವನಿಗೆ ಲಾಭವಾಗಬೇಕಾದರೆ, ಅರ್ಧಕ್ಕಿಂತ ಹೆಚ್ಚು ಸಲ ಎದುರಾಳಿ ಹೆದರಬೇಕು. 200 ಒಡ್ಡಿದರೆ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸಲ. ಹೀಗಾಗಿ ಪಣ ದೊಡ್ಡದಾದಷ್ಟೂ ಕಡಿಮೆ ಸಲ ಎದುರಿಸಿದರೆ ಸಾಕು. ಎಂದೂ ಎದುರಿಸದಿದ್ದರೆ ಮಾತ್ರ ಬುರುಡೆಯವನಿಗೆ ಹಬ್ಬ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜತೆ ಬರೆದ ಗ್ರಂಥದಲ್ಲಿ ಪೋಕರ್‌ಗೆ ಒಂದು ವಿಭಾಗವನ್ನೇ ಕೊಟ್ಟದ್ದು ಈ ಬುರುಡೆಯ ಲೆಕ್ಕಕ್ಕಾಗಿ. 2017ರ ಜನವರಿಯಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರಾಟಸ್’ ಎಂಬ ಕಂಪ್ಯೂಟರ್ 20 ದಿನ, 1,20,000 ಆಟ ಆಡಿ ನಾಲ್ವರು ನುರಿತ ಆಟಗಾರರನ್ನು ಸೋಲಿಸಿತು. ರಾಶಿಯನ್ನೂ ಮೀರಿದ ಪಣಗಳನ್ನು ಒಡ್ಡಿ ಅದು ಅವರನ್ನು ಕಂಗೆಡಿಸಿತ್ತು. ಯಂತ್ರಕ್ಕೆ ಬೆವರುವ ಕೈಯಿಲ್ಲವಲ್ಲ!

ಮನುಷ್ಯನಿಗೆ ಕಷ್ಟವಾಗುವುದು ಇನ್ನೊಂದು ಕಡೆ. ‘ಇಷ್ಟು ಹಾಕಿಯಾಗಿದೆ, ಈಗ ಬಿಡುವುದು ಹೇಗೆ?’ ರಾಶಿಗೆ ಹೋದ ಬೀಜ ಆಗಲೇ ನಿಮ್ಮದಲ್ಲ. ಲೆಕ್ಕ ಮುಂದಿನ ಬೀಜದ್ದು. ತಾಳಮದ್ದಳೆ ಕೇಳಿ ಬೆಳೆದ ಪುತ್ತೂರಿನ ಮಕ್ಕಳಿಗೆ ಧರ್ಮರಾಯನ ಕಥೆ ಹೇಳಿಕೊಡಬೇಕಾಗಿಲ್ಲ. ಐಶ್ವರ್ಯ, ರಾಜ್ಯ, ತಮ್ಮಂದಿರು, ತಾನು, ದ್ರೌಪದಿ ಎಂದು ಪಣ ಏರುತ್ತಲೇ ಹೋಯಿತು. ಕಳೆದದ್ದು ಮರಳಿ ಸಿಕ್ಕಿದ ಮೇಲೂ ಎರಡನೆಯ ಕರೆಗೆ ಅವನು ಓಗೊಟ್ಟು ಕುಳಿತ. ಶಕುನಿಯ ಕೈಚಳಕದಷ್ಟೇ ಈ ಏಳಲಾರದ ಸ್ವಭಾವವೂ ಪಾಂಡವರನ್ನು ಕಾಡಿಗೆ ಅಟ್ಟಿತು ಎನ್ನಬೇಕು.

‘ಇದು ಕೌಶಲದ ಆಟ, ಜೂಜಲ್ಲ’ ಎಂದು ಮಗ ವಾದಿಸಿದರೆ ತಂದೆತಾಯಿ ಏನೆನ್ನಬೇಕು? ವಾದದಲ್ಲಿ ಹುರುಳಿದೆ. ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿದ್ದ ರಾಜ್ಯದ 2021ರ ತಿದ್ದುಪಡಿಯನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಗೊಳಿಸಿದಾಗ ಕೌಶಲದ ಆಟವೂ ಅದರಲ್ಲಿ ಸಿಕ್ಕಿಕೊಂಡದ್ದೇ ಮುಖ್ಯ ಆಕ್ಷೇಪವಾಗಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವುದನ್ನೇ ನಿಷೇಧಿಸಿತು.

ಕಾನೂನಿನಾಚೆಗೂ ಒಂದು ಲೆಕ್ಕವಿದೆ. ಅದನ್ನು ಮನೆಯ ಜಗಲಿಯಲ್ಲೇ ಮಾಡಿ ನೋಡಬಹುದು. ನಾಲ್ವರು ಮಕ್ಕಳು ತಲಾ 100 ಬೀಜ ಹಿಡಿದು ಕೂರಲಿ. ಆಟ ನಡೆಸುವ ಅಣ್ಣನೊಬ್ಬ ಪ್ರತಿ ಆಟಕ್ಕೂ ರಾಶಿಯಿಂದ 5 ಬೀಜ ತನಗೆಂದು ತೆಗೆದಿಡಲಿ. ಮಕ್ಕಳು ಎಷ್ಟೇ ಜಾಣತನದಿಂದ ಆಡಲಿ, ಹೆಚ್ಚೆಂದರೆ 80 ಆಟ. ಆಮೇಲೆ ಆ 400 ಬೀಜವೂ ಅಣ್ಣನ ಜೇಬಿನಲ್ಲಿ.