ಗುಲಾಬಿ ಬೆಣಚುಕಲ್ಲು

ಹೊಲದ ಬದುವಿನಲ್ಲಿ ನಡೆದುಬರುವಾಗ ಬಿಳಿಯ ಬೆಣಚುಕಲ್ಲನ್ನು ಎಡವದವರು ನಮ್ಮ ಆನೆಕೊಂಡದ ಸೀಮೆಯಲ್ಲಿ ಯಾರಿದ್ದಾರೆ? ಬಾಲ್ಯದಲ್ಲಿ ಅಂಥ ಎರಡು ಕಲ್ಲುಗಳನ್ನು ಕತ್ತಲೆಯಲ್ಲಿ ಉಜ್ಜಿ, ಹೊಮ್ಮಿದ ಬೆಳಕನ್ನು ಕಂಡು ಹಿಗ್ಗಿದವರೇ ನಾವೆಲ್ಲ. ಆಭರಣದಂಗಡಿಯಲ್ಲಿ ಹೊಳೆಯುವ ನಸುಗೆಂಪು ಮಣಿಯೂ ಇದೇ ಕಲ್ಲಿನ ಒಡಹುಟ್ಟು ಎಂದರೆ ಆಶ್ಚರ್ಯವಾದೀತು. ಅದೇ ಗುಲಾಬಿ ಬೆಣಚುಕಲ್ಲು; ವರ್ತಕರ ಮಾತಿನಲ್ಲಿ ರೋಸ್ ಕ್ವಾರ್ಟ್ಸ್.

ಎರಡೂ ಸಿಲಿಕಾನ್ ಮತ್ತು ಆಮ್ಲಜನಕಗಳಿಂದಾದವು. ಮೋಸ್ ಮಾನದಲ್ಲಿ ಗಡಸುತನ 7. ತೂಕ ಅಷ್ಟೇ ಗಾತ್ರದ ನೀರಿನ ಸುಮಾರು 2.65 ರಷ್ಟು. ಹಾಗಾದರೆ ಒಂದಕ್ಕೆ ಮಾತ್ರ ಈ ಬಣ್ಣ ಬಂದುದೆಲ್ಲಿಂದ? ಟೈಟಾನಿಯಂ, ಮ್ಯಾಂಗನೀಸ್ ಮೊದಲಾದ ಲೋಹಾಂಶಗಳೇ ಕಾರಣವೆಂದು ಬಹುಕಾಲ ಊಹಿಸಲಾಗಿತ್ತು. ವಿಜ್ಞಾನಿಗಳು ಈ ಕಲ್ಲನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿದಾಗ ತಳದಲ್ಲಿ ಗುಲಾಬಿ ಬಣ್ಣದ ಅತಿ ಸೂಕ್ಷ್ಮ ಎಳೆಗಳು ಉಳಿದವು. ಡ್ಯೂಮಾರ್ಟಿಯರೈಟ್ ಎಂಬ ಖನಿಜವನ್ನು ಹೋಲುವ ಆ ಎಳೆಗಳೇ ಬಣ್ಣಕ್ಕೆ ಮೂಲವೆಂದು 2001ರಲ್ಲಿ ಪ್ರಕಟವಾಯಿತು. ಕೆಲವು ಕಲ್ಲುಗಳನ್ನು ಗುಂಡಾಗಿ ಅರೆದರೆ ಒಳಗೆ ನಕ್ಷತ್ರದಂಥ ಹೊಳಪು ಕಾಣುವುದೂ ಇವುಗಳಿಂದಲೇ.

ಭೂಗರ್ಭದ ಶಿಲಾರಸ ತಣ್ಣಗಾಗುತ್ತ ಬಂದಾಗ ನೀರು ಮತ್ತು ಸಿಲಿಕಾ ತುಂಬಿದ ರಸವು ಕೊನೆಗೆ ಉಳಿಯುತ್ತದೆ. ಅದು ಬಂಡೆಯ ಬಿರುಕುಗಳನ್ನು ಹೊಕ್ಕು ಪೆಗ್ಮಟೈಟ್ ಎಂಬ ಶಿಲೆಯಾಗುತ್ತದೆ. ಅದರ ಅಂಚಿನಲ್ಲಿ ಫೆಲ್ಡ್‌ಸ್ಪಾರ್, ಅಭ್ರಕಗಳೂ ನಡುವೆ ಬೆಣಚೂ ಗಟ್ಟಿಗೊಳ್ಳುತ್ತವೆ. ಗುಲಾಬಿ ಬೆಣಚು ಸಾಮಾನ್ಯವಾಗಿ ಸಿಗುವುದು ಈ ನಡುಭಾಗದಲ್ಲಿಯೇ. ಬ್ರೆಜಿಲ್ ಮತ್ತು ಮಡಗಾಸ್ಕರ್‌ಗಳು ಇದಕ್ಕೆ ಹೆಸರಾದ ದೇಶಗಳು.

ಇದರಿಂದ ಮಣಿ, ಪದಕ, ಕೆತ್ತನೆಯ ಬೊಂಬೆಗಳನ್ನು ಮಾಡುತ್ತಾರೆ. ರಾಶಿಯಾಗಿ ದೊರೆಯುವ ಕಲ್ಲಾದುದರಿಂದ ಮಾಣಿಕ್ಯದ ಬೆಲೆ ಇದಕ್ಕಿಲ್ಲ. ಬಣ್ಣದ ಗಾಜನ್ನು ಇದರ ಹೆಸರಿನಲ್ಲಿ ಮಾರುವುದೂ ಉಂಟು. ಭೂತಗನ್ನಡಿಯಲ್ಲಿ ದುಂಡನೆಯ ಗಾಳಿಗುಳ್ಳೆಗಳು ಕಂಡರೆ ಅದು ಗಾಜೆಂದೇ ತಿಳಿಯಬೇಕು. ಧರಿಸಿದವರ ಹೃದ್ರೋಗ ನಿವಾರಣೆಯಾಗುವುದೆಂಬ ಮಾತಿಗಂತೂ ಯಾವ ವೈದ್ಯಕೀಯ ಆಧಾರವೂ ಇಲ್ಲ.

ಆದರೆ ರೋಗವನ್ನು ತರುವ ಶಕ್ತಿ ಈ ಕಲ್ಲಿನ ಧೂಳಿಗೆ ಉಂಟು. ಗುಜರಾತಿನ ಖಂಭಾತದಲ್ಲಿ ಇದೇ ಕುಲದ ಅಕೀಕು ಕಲ್ಲನ್ನು ಅರೆದು ಮಣಿ ಮಾಡುವ ಕೆಲಸಗಾರರಲ್ಲಿ ಅನೇಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ತುತ್ತಾಗಿದ್ದಾರೆ. ಒಮ್ಮೆ ಕೆಟ್ಟ ಶ್ವಾಸಕೋಶವು ಮತ್ತೆ ಮೊದಲಿನಂತಾಗದು. ನೀರು ಹಾಯಿಸಿ ಅರೆಯುವುದು, ಧೂಳನ್ನು ಹೊರಗೆ ಸೆಳೆಯುವ ಯಂತ್ರವನ್ನಿಡುವುದು, ಇವುಗಳಿಂದ ಈ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಮಣಿಯ ಹೊಳಪನ್ನು ಮೆಚ್ಚುವ ನಾವು, ಅದನ್ನು ಅರೆದವನ ಉಸಿರಿನ ಬೆಲೆಯನ್ನೂ ಮರೆಯದಿರೋಣ.