ಕವಿಯ ತಮ್ಮ, ಚಿತ್ರಕಾರ ಯೇಟ್ಸ್

ಯೇಟ್ಸ್ ಎಂಬ ಹೆಸರು ನಮ್ಮ ಓದುಗರಿಗೆ ಹೊಸದೇನಲ್ಲ. ರವೀಂದ್ರನಾಥ ಠಾಕೂರರ ಇಂಗ್ಲಿಷ್ ‘ಗೀತಾಂಜಲಿ’ಗೆ 1912ರಲ್ಲಿ ಮುನ್ನುಡಿ ಬರೆದ ಐರಿಷ್ ಕವಿ ವಿಲಿಯಂ ಬಟ್ಲರ್ ಯೇಟ್ಸನನ್ನು ನಾವು ಬಲ್ಲೆವು. ಆತನಿಗಿಂತ ಆರು ವರ್ಷ ಕಿರಿಯನಾದ ತಮ್ಮನೊಬ್ಬನಿದ್ದನು, ಹೆಸರು ಜ್ಯಾಕ್. ಬಾಳಿನ ಬಹುಭಾಗ ‘ಕವಿಯ ತಮ್ಮ’ ಎಂದೇ ಕರೆಸಿಕೊಂಡ ಈತನನ್ನು ಇಂದು ಐರ್ಲೆಂಡಿನವರು ತಮ್ಮ ನಾಡಿನ ಇಪ್ಪತ್ತನೆಯ ಶತಮಾನದ ಚಿತ್ರಕಾರರಲ್ಲಿ ಅಗ್ರಗಣ್ಯನೆಂದು ಎಣಿಸುತ್ತಾರೆ. ಚಿತ್ರವೊಂದನ್ನೂ ಎದುರಿಗಿಡದೆ ಚಿತ್ರಕಾರನ ವಿಷಯ ಹೇಳಹೊರಡುವುದು ಸಾಹಸವೇ ಸರಿ. ಆದರೆ ಬಾನುಲಿ ಇರುವ ಮನೆಯವರಿಗೆ ಕಣ್ಣಿನ ಕೆಲಸವನ್ನು ಕಿವಿಯಿಂದ ಮಾಡಿಸಿಕೊಳ್ಳುವ ಅಭ್ಯಾಸ ಉಂಟಷ್ಟೆ.

ತಂದೆ ಜಾನ್ ಬಟ್ಲರ್ ಯೇಟ್ಸ್ ವಕೀಲಿಯನ್ನು ತೊರೆದು ಭಾವಚಿತ್ರಗಳನ್ನು ಬರೆಯಹೊರಟವನು. ಕೈಯೇನೋ ಒಳ್ಳೆಯದೇ, ಆದರೆ ಹಿಡಿದ ಚಿತ್ರವನ್ನು ತಿದ್ದಿ ತಿದ್ದಿ ಮುಗಿಸಲಾರದ ಸ್ವಭಾವ. ಹೀಗಾಗಿ ಮನೆಯಲ್ಲಿ ಮಾತಿಗೆ ಬಡತನವಿಲ್ಲ, ಹಣಕ್ಕೆ ಮಾತ್ರ ಬಡತನ. ಜ್ಯಾಕ್ ಹುಟ್ಟಿದ್ದು ಲಂಡನ್ನಿನಲ್ಲಿ, 1871ರ ಆಗಸ್ಟ್ 29ರಂದು. ಎಂಟರ ಪ್ರಾಯದಲ್ಲಿ ಅವನನ್ನು ಐರ್ಲೆಂಡಿನ ಪಶ್ಚಿಮ ಕರಾವಳಿಯ ಸ್ಲೈಗೊ ಊರಿಗೆ, ತಾಯಿಯ ತಂದೆತಾಯಿಗಳ ಮನೆಗೆ ಕಳುಹಿಸಿದರು. ಅಜ್ಜ ವಿಲಿಯಂ ಪಾಲೆಕ್ಸ್‌ಫೆನ್ ಹಡಗುಗಳ ಒಡೆಯ, ಮಿತಭಾಷಿ. ಹುಡುಗ ಶಾಲೆಯಲ್ಲಿ ತರಗತಿಗೆ ಕೊನೆಯವನೆಂದು ಚರಿತ್ರಕಾರರು ಹೇಳುತ್ತಾರೆ. ಮೇಷ್ಟರ ಕಸುಬಿನವನಾದ ನನಗೆ ಇದನ್ನು ಬರೆಯುವಾಗ ಕೊಂಚ ಅಳುಕು. ಅವನ ಪಾಠವೆಲ್ಲ ಬಂದರಿನಲ್ಲಿ ನಡೆಯುತ್ತಿತ್ತು. ನಾವಿಕರು, ದನದ ಜಾತ್ರೆ, ಸಮುದ್ರದಂಡೆಯ ಮರಳಿನ ಮೇಲಿನ ಕುದುರೆ ಜೂಜು, ಊರಿಂದೂರಿಗೆ ಹೋಗುವ ಸರ್ಕಸ್ಸು, ಬೀದಿಯಲ್ಲಿ ನಿಂತು ಲಾವಣಿ ಹಾಡುವವರು: ಎಂಟು ವರ್ಷ ಇವನ್ನೇ ನೋಡಿದನು. ಮುಂದಿನ ಎಪ್ಪತ್ತು ವರ್ಷ ಬರೆದದ್ದೂ ಹೆಚ್ಚುಕಡಮೆ ಇವನ್ನೇ.

1887ರಲ್ಲಿ ಲಂಡನ್ನಿಗೆ ಹಿಂದಿರುಗಿ ಚಿತ್ರಶಾಲೆಗಳಲ್ಲಿ ಓದಿದನಾದರೂ, ಹೊಟ್ಟೆಪಾಡು ನಡೆದದ್ದು ಪತ್ರಿಕೆಗಳ ರೇಖಾಚಿತ್ರದಿಂದ. 1894ರಲ್ಲಿ, ಅಂದರೆ ಮೇರಿ ಕಾಟನ್‌ಹ್ಯಾಮ್ ವೈಟ್ ಎಂಬ ಸಹಪಾಠಿಯನ್ನು ಮದುವೆಯಾದ ವರ್ಷ, ಷೆರ್ಲಾಕ್ ಹೋಮ್ಸನನ್ನು ಅಣಕಿಸುವ ನಗೆಚಿತ್ರಗಳ ಸರಣಿಯನ್ನು ಬರೆದನು. ‘ಪಂಚ್’ ಎಂಬ ಪ್ರಸಿದ್ಧ ವಿನೋದಪತ್ರಿಕೆಗೆ 1910ರಿಂದ ಸುಮಾರು ಮೂವತ್ತು ವರ್ಷ ‘ಡಬ್ಲ್ಯು. ಬರ್ಡ್’ ಎಂಬ ಹೆಸರಿನ ಮರೆಯಲ್ಲಿ ಚಿತ್ರ ಒದಗಿಸಿದನು. ದೊಡ್ಡ ಚಿತ್ರಕಾರನೆನಿಸಿಕೊಂಡ ಮೇಲೂ ಅದನ್ನು ಬಿಡಲಿಲ್ಲ. ಬಣ್ಣದ ಖರ್ಚು ನಡೆಯಬೇಕಲ್ಲ! 1905ರಲ್ಲಿ ನಾಟಕಕಾರ ಸಿಂಜನೊಡನೆ ಐರ್ಲೆಂಡಿನ ಪಶ್ಚಿಮದ ಕಡುಬಡ ಜಿಲ್ಲೆಗಳನ್ನು ಸುತ್ತಿ, ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ಸಿಂಜ್ ಬರೆದ ಲೇಖನಗಳಿಗೆ ಚಿತ್ರ ಹಾಕಿದನು. ಸೋದರಿ ಎಲಿಜಬೆತ್ ನಡೆಸುತ್ತಿದ್ದ ಕ್ವಾಲಾ ಮುದ್ರಣಾಲಯದಿಂದ 1908ರಿಂದ 1915ರ ತನಕ ತಿಂಗಳಿಗೊಂದರಂತೆ ಹೊರಟ ಲಾವಣಿಯ ಹಾಳೆಗಳಿಗೂ ಇವನದೇ ಚಿತ್ರಗಳು. ರವೀಂದ್ರರ ‘ಅಂಚೆಮನೆ’ ನಾಟಕದ ಇಂಗ್ಲಿಷ್ ಪ್ರತಿಯನ್ನು 1914ರಲ್ಲಿ ಅಚ್ಚುಮಾಡಿದ್ದೂ ಇದೇ ಮುದ್ರಣಾಲಯ.

ಈ ಕಾಲದ ಚಿತ್ರಗಳಲ್ಲಿ ಎಲ್ಲವೂ ಸ್ಪಷ್ಟ. ಗಟ್ಟಿಯಾದ ಕಪ್ಪು ಗೆರೆ, ಅದರೊಳಗೆ ತುಂಬಿದ ಬಣ್ಣ; ಕತ್ತೆ ಕತ್ತೆಯಾಗಿಯೂ ಕುದುರೆ ಕುದುರೆಯಾಗಿಯೂ ಕಾಣುತ್ತವೆ. ಜನ ಮೆಚ್ಚಿದರು.

1910ರಲ್ಲಿ ಜ್ಯಾಕ್ ಐರ್ಲೆಂಡಿಗೇ ಬಂದು ನೆಲಸಿದನು. ತೈಲವರ್ಣದಲ್ಲಿ ಹೆಚ್ಚಾಗಿ ಕೈಯಾಡತೊಡಗಿದ್ದು ಆಮೇಲೆ. ಅಷ್ಟರಲ್ಲಿ ನಾಡಿನಲ್ಲಿ ಸ್ವಾತಂತ್ರ್ಯದ ಕುದಿ ಏರಿತ್ತು. 1914ರ ಜುಲೈ 26ರಂದು ಡಬ್ಲಿನ್ ನಗರದ ಬ್ಯಾಚಲರ್ಸ್ ವಾಕ್ ಎಂಬ ನದೀತೀರದ ಬೀದಿಯಲ್ಲಿ ಬ್ರಿಟಿಷ್ ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು, ಜನ ಸತ್ತರು. ಇದನ್ನು ಕುರಿತು ಮರುವರ್ಷ ಬರೆದ ಚಿತ್ರದಲ್ಲಿ ಸೈನಿಕನಿಲ್ಲ, ಬಂದೂಕವಿಲ್ಲ, ರಕ್ತದ ಒಂದು ಹನಿಯಿಲ್ಲ. ಹೂ ಮಾರುವ ಹೆಣ್ಣೊಬ್ಬಳು ಆ ಬೀದಿಯಲ್ಲಿ ಹೋಗುತ್ತ, ಮುಚ್ಚಿದ ಒಂದು ಬಾಗಿಲ ಬಳಿ ಹೂವೊಂದನ್ನು ಹಾಕುತ್ತಾಳೆ. ಪಕ್ಕದಲ್ಲಿ ಬರಿಗಾಲಿನ ಹುಡುಗ. ಇಷ್ಟೆ. ಧ್ವನಿ ಎಂದರೇನೆಂದು ಹುಡುಗರಿಗೆ ಹೇಳಿಕೊಡುವಾಗ ನಾವು ಶ್ಲೋಕಗಳನ್ನು ಹುಡುಕುತ್ತೇವೆ. ಈ ಚಿತ್ರವನ್ನು ತೋರಿಸಿದರೂ ಸಾಕು. ಹೂವು ಮಾರಿ ಜೀವಿಸುವವಳಿಗೆ ಒಂದು ಹೂವೆಂದರೆ ಒಂದು ಕಾಸು ಎಂಬುದನ್ನೂ ನೋಡುವವನು ಮರೆಯಬಾರದು.

1922ರಲ್ಲಿ ಸ್ವತಂತ್ರ ಸರ್ಕಾರ ಬಂದಿತು; ಬೆನ್ನಲ್ಲೇ ಅಂತರ್ಯುದ್ಧವೂ ಬಂದಿತು. ಬ್ರಿಟನ್ನಿನೊಡನೆ ಆದ ಒಪ್ಪಂದವನ್ನು ಒಪ್ಪಿದವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. ಅಣ್ಣ ಹೊಸ ಸರ್ಕಾರದ ಮೇಲ್ಮನೆಯ ಸದಸ್ಯನಾದನು. ತಮ್ಮನ ಮನಸ್ಸು ಒಪ್ಪಂದವನ್ನು ನಿರಾಕರಿಸಿದವರ ಕಡೆಗಿತ್ತು. ಮನೆಮನೆಗಳಲ್ಲಿ ಇಂಥ ಒಡಕು. ಕಿಲ್ಮೇನಮ್ ಸೆರೆಮನೆಯ ಗೋಪುರದ ಎತ್ತರದ ಕಿಟಕಿಗಳಲ್ಲಿ ಸೆರೆಯಾದ ಹೆಂಗಸರು. ಕೆಳಗೆ ರಸ್ತೆಬದಿಯಲ್ಲಿ ನಿಂತು ತಲೆಯೆತ್ತಿ ಅವರನ್ನು ಕೂಗಿ ಮಾತನಾಡಿಸುತ್ತಿರುವ ಹೆಂಗಸರು: ಹೀಗೊಂದು ಚಿತ್ರವನ್ನು 1924ರ ಸುಮಾರಿಗೆ ಬರೆದನು. ಕೆಳಗಿನವರ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಆದರೂ ಕೂಗು ಕೇಳಿಸಿದಂತಾಗುತ್ತದೆ.

ಇದೇ ಹೊತ್ತಿನಲ್ಲಿ ಒಂದು ಸಂತೋಷದ ಸಂಗತಿಯೂ ಉಂಟು. ಡಬ್ಲಿನ್ನಿನ ಲಿಫಿ ನದಿಯಲ್ಲಿ ವರ್ಷಕ್ಕೊಮ್ಮೆ ಈಜಿನ ಪಂದ್ಯ ನಡೆಯುತ್ತದೆ. 1923ರಲ್ಲಿ ಜ್ಯಾಕ್ ಅದನ್ನು ಚಿತ್ರಿಸಿದನು. ಈಜುಗಾರರಿಗಿಂತ ದಡದ ಗೋಡೆಯ ಮೇಲೆ ಬಾಗಿ ನೋಡುವ ಜನಜಂಗುಳಿಯೇ ಅದರಲ್ಲಿ ಮುಖ್ಯ. ನೋಡುವ ನಾವೂ ಅವರ ಹೆಗಲ ಸಂದಿಯಿಂದ ಇಣುಕುತ್ತಿರುವಂತೆ ಭಾಸವಾಗುತ್ತದೆ. ಆ ಕಾಲದಲ್ಲಿ ಒಲಿಂಪಿಕ್ ಕ್ರೀಡೆಗಳೊಂದಿಗೆ ಕಲೆಗೂ ಸ್ಪರ್ಧೆ ಇರುತ್ತಿತ್ತು. 1912ರಿಂದ 1948ರವರೆಗೆ ನಡೆದು ಮುಂದೆ ನಿಂತುಹೋಯಿತು. 1924ರ ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ಈ ಚಿತ್ರಕ್ಕೆ ಬೆಳ್ಳಿಯ ಪದಕ ದೊರೆಯಿತು. ಸ್ವತಂತ್ರ ಐರ್ಲೆಂಡಿಗೆ ಬಂದ ಮೊಟ್ಟಮೊದಲ ಒಲಿಂಪಿಕ್ ಪದಕವೇ ಅದು. ಓಡಿದವನಿಗಲ್ಲ, ಈಜಿದವನಿಗೂ ಅಲ್ಲ, ಈಜನ್ನು ಬರೆದವನಿಗೆ! ಹಿಂದಿನ ವರ್ಷವಷ್ಟೇ ಅಣ್ಣನಿಗೆ ನೊಬೆಲ್ ಪಾರಿತೋಷಕ ಬಂದಿತ್ತು.

ಐವತ್ತು ದಾಟಿದ, ಹೆಸರು ಬಂದ, ಪದಕವೂ ಬಂದ ಮನುಷ್ಯ ಇನ್ನು ಇದ್ದ ಕೈಯಲ್ಲೇ ಮುಂದುವರಿಯುತ್ತಾನೆಂದು ಯಾರೂ ಎಣಿಸುವ ಮಾತು. ಜ್ಯಾಕ್ ಯೇಟ್ಸ್ ಹಾಗೆ ಮಾಡಲಿಲ್ಲ. ಜನ ಮೆಚ್ಚಿದ್ದ ಆ ಕಪ್ಪು ಗೆರೆಯನ್ನೇ ಬಿಟ್ಟುಬಿಟ್ಟನು. ಬಣ್ಣವನ್ನು ಕೊಳವೆಯಿಂದ ನೇರವಾಗಿ ಬಟ್ಟೆಯ ಮೇಲೆ ಹಿಂಡುವುದು, ಅಲಗಿನಿಂದ ಬಳಿಯುವುದು, ಬೆರಳಿನಿಂದ ತೀಡುವುದು, ಒಂದು ಕಡೆ ಗೋಡೆಯ ಗಾರೆಯಂತೆ ದಪ್ಪ, ಇನ್ನೊಂದು ಕಡೆ ಬಟ್ಟೆಯೇ ಕಾಣುವಷ್ಟು ತೆಳು. ಮನುಷ್ಯ ಎಲ್ಲಿ ಮುಗಿದ, ಆಕಾಶ ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಹಳೆಯ ಅಭಿಮಾನಿಗಳು ತಬ್ಬಿಬ್ಬಾದರು, ಕೊಳ್ಳುವವರು ಹಿಂಜರಿದರು.

ಹೀಗೇಕೆ ಮಾಡಿದನು? ಪ್ರಾಯದಲ್ಲಿ ಜೇಬಿನಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಂಡು, ಕಂಡದ್ದನ್ನು ಕಂಡಲ್ಲೇ ಗೀಚಿಕೊಳ್ಳುವುದು ಅವನ ವಾಡಿಕೆ. ಅಂಥ ಪುಸ್ತಕಗಳು ಇನ್ನೂರಕ್ಕೂ ಮಿಕ್ಕಿ ಉಳಿದಿವೆ. ಈಗ ಅವನು ಬರೆಯತೊಡಗಿದ್ದು ಕಣ್ಣೆದುರಿನ ಕುದುರೆಯನ್ನಲ್ಲ. ನಲವತ್ತು ವರ್ಷದ ಹಿಂದೆ ಸ್ಲೈಗೊದಲ್ಲಿ ಕಂಡ ಕುದುರೆ ಇಂದು ಮನಸ್ಸಿನಲ್ಲಿ ಹೇಗಿದೆಯೋ ಅದನ್ನು. ನಮ್ಮ ಶಾಸ್ತ್ರಕಾರರು ‘ವಾಸನೆ’ ಎನ್ನುವುದು ಇದನ್ನೇ ಅಲ್ಲವೆ? ಹೂವನ್ನು ತೆಗೆದ ಮೇಲೂ ಬುಟ್ಟಿಯಲ್ಲಿ ಕಂಪು ನಿಲ್ಲುತ್ತದೆ. ನೆನಪಿನೊಳಗಿನ ವಸ್ತುವಿಗೆ ಗೆರೆಯ ಅಂಚಿರುವುದಿಲ್ಲ. ತೀರಿಹೋದ ತಾಯಿಯ ಮುಖವನ್ನು ನೆನೆದುಕೊಂಡರೆ ಕಣ್ಣು ಹೊಳೆಯುತ್ತದೆ, ಕಿವಿಯ ಆಕಾರ ತಿಳಿಯದು. ಯೇಟ್ಸನ ಮಾಗಿದ ಕಾಲದ ಚಿತ್ರಗಳು ಹಾಗಿವೆ. 1942ರ ‘ಇಬ್ಬರು ಪಯಣಿಗರು’ ಎಂಬುದರಲ್ಲಿ ಗಾಳಿಮಳೆಯ ಒಂದು ಬಯಲು ದಾರಿ, ಎದುರುಬದುರಾಗಿ ನಿಂತ ಇಬ್ಬರು ಅಲೆಮಾರಿಗಳು. ಏನು ಮಾತನಾಡುತ್ತಿದ್ದಾರೆ, ಎಲ್ಲಿಗೆ ಹೋಗುತ್ತಾರೆ, ತಿಳಿಯದು. ಎಲ್ಲ ಚಿತ್ರಗಳೂ ಹೀಗೆ ಫಲಿಸಿವೆಯೆಂದು ನಾನು ಹೇಳಲಾರೆ. ಕೆಲವೆಡೆ ಬಣ್ಣದ ಹೊಡೆತದಲ್ಲಿ ವಸ್ತು ಉಸಿರುಗಟ್ಟಿದೆ. ಅಚ್ಚಿನ ಪ್ರತಿಗಳಲ್ಲಂತೂ ಆ ದಪ್ಪ ಬಣ್ಣದ ಏರುತಗ್ಗು ಕಾಣುವುದೇ ಇಲ್ಲ.

ಆಗ ಇವನ್ನು ಮೆಚ್ಚಿದ ಕೆಲವರಲ್ಲಿ ಸ್ಯಾಮ್ಯುಅಲ್ ಬೆಕೆಟ್ ಎಂಬ ತರುಣ ಲೇಖಕನೊಬ್ಬ. ಕೈಯಲ್ಲಿ ಹಣವಿಲ್ಲದಿದ್ದರೂ 1936ರಲ್ಲಿ ‘ಬೆಳಗು’ ಎಂಬ ಚಿತ್ರವನ್ನು ಕಂತಿನ ಮೇಲೆ ಕೊಂಡನು. ಮುಂದೆ ಇಬ್ಬರು ಅಲೆಮಾರಿಗಳು ದಾರಿಬದಿಯಲ್ಲಿ ಯಾರಿಗೋ ಕಾಯುವ ನಾಟಕ ಬರೆದು ಲೋಕಪ್ರಸಿದ್ಧನಾದವನು ಈತನೇ. ಆ ನಾಟಕವನ್ನು ನೋಡಿದವರಿಗೆ ಯೇಟ್ಸನ ಪಯಣಿಗರು ನೆನಪಾಗುವುದುಂಟು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಗಾಳಿ ತಿರುಗಿತು. 1942ರಲ್ಲಿ ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ, 1945ರಲ್ಲಿ ಡಬ್ಲಿನ್ನಿನಲ್ಲಿ, 1948ರಲ್ಲಿ ಲಂಡನ್ನಿನ ಟೇಟ್ ಚಿತ್ರಶಾಲೆಯಲ್ಲಿ, 1951ರಿಂದ ಅಮೆರಿಕದ ನಗರಗಳಲ್ಲಿ ಪ್ರದರ್ಶನಗಳಾದವು. ಎಪ್ಪತ್ತು ದಾಟಿದ ಮೇಲೆ ಬರೆದಷ್ಟು ಚಿತ್ರಗಳನ್ನು ಪ್ರಾಯದಲ್ಲೂ ಬರೆದಿರಲಿಲ್ಲ. 1947ರಲ್ಲಿ ಹೆಂಡತಿ ತೀರಿಕೊಂಡಳು, ಮಕ್ಕಳಿರಲಿಲ್ಲ. ಆಮೇಲಿನ ಚಿತ್ರಗಳಲ್ಲಿ ಒಂಟಿ ಸವಾರರೂ ಬರಿಯ ಕುದುರೆಗಳೂ ಹೆಚ್ಚು. 1957ರ ಮಾರ್ಚ್ 28ರಂದು ಡಬ್ಲಿನ್ನಿನಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ ಕಾಲವಾದನು. ಲಿಫಿಯ ಈಜಿನ ಚಿತ್ರ ಡಬ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಬೆಕೆಟ್ ಕಂತಿನ ಮೇಲೆ ಕೊಂಡ ‘ಬೆಳಗು’ ಕೂಡ ಕೊನೆಗೆ ಅಲ್ಲಿಗೇ ಸೇರಿತು.