ಅಪ್‌ಗ್ರೇಡ್ ಆದಮೇಲೆ ಲಾಗ್ ಎಲ್ಲಿ ಹೋಗುತ್ತದೆ?

ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆದ ಬಳಿಕ ಸಿಸ್ಟಂ ಲಾಗ್ ಕಾಣದಾದರೆ, ಅದು ಅಳಿಸಿಹೋಗಿರುವುದು ಅಪರೂಪ. ಲಾಗ್ ಬರೆಯುವ ತಂತ್ರಾಂಶ ಬದಲಾಗಿರುತ್ತದೆ, ಓದುವವರು ಮಾತ್ರ ಹಳೆಯ ಜಾಗದಲ್ಲೇ ಹುಡುಕುತ್ತಿರುತ್ತಾರೆ. ಯಾರು ಯಾವಾಗ ಲಾಗಿನ್ ಆದರು, ಯಾವ ಸೇವೆ ಏಕೆ ನಿಂತಿತು, ಡಿಸ್ಕ್ ಎಂದಿನಿಂದ ಕೆಡತೊಡಗಿತು ಎಂಬುದನ್ನೆಲ್ಲ ಯಂತ್ರ ತಾನೇ ಬರೆದಿಡುವ ದಾಖಲೆಯೇ ಲಾಗ್. ಅದು ಎಲ್ಲೆಲ್ಲಿಗೆ ಸರಿಯಿತು ಎಂದು ತಿಳಿಯಲು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

1980ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ಎಂಬ ಇ-ಮೇಲ್ ತಂತ್ರಾಂಶ ಕಟ್ಟುತ್ತಿದ್ದರು. ಅದರ ಆಗುಹೋಗುಗಳನ್ನು ಬರೆದಿಡಲು ಅವರೇ ರೂಪಿಸಿದ ಉಪಕರಣ ಸಿಸ್‌ಲಾಗ್. ಪ್ರತಿ ಸಂದೇಶಕ್ಕೂ ಅದು ಯಾವ ವಿಭಾಗದ್ದು, ಎಷ್ಟು ಗಂಭೀರ ಎಂಬ ಗುರುತು ಇತ್ತು. ತುರ್ತು ಪರಿಸ್ಥಿತಿಗೆ 0, ದೋಷ ಹುಡುಕುವವರಿಗಷ್ಟೇ ಬೇಕಾದ ವಿವರಕ್ಕೆ 7. ಇತರ ತಂತ್ರಾಂಶಗಳೂ ಇದನ್ನೇ ಬಳಸತೊಡಗಿ, ಯುನಿಕ್ಸ್ ಜಗತ್ತಿನ ರೂಢಿಯೇ ಇದಾಯಿತು. ವಿಚಿತ್ರವೆಂದರೆ ಈ ರೂಢಿ ಕಾಗದದ ಮೇಲೆ ದಾಖಲಾದದ್ದು 2001ರಲ್ಲಿ, ಸರಿಯಾದ ಮಾನದಂಡವಾದದ್ದು 2009ರಲ್ಲಿ. ಅಷ್ಟು ಕಾಲವೂ ಲಾಗ್ ಎಂದರೆ ಸರಳ ಪಠ್ಯದ ಕಡತ. ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದಿತ್ತು. ಆ ಸರಳತೆ ದೊಡ್ಡ ಗುಣ. ಆದರೆ ಯಂತ್ರದೊಳಗೆ ನುಗ್ಗಿ ಪೂರ್ಣ ಅಧಿಕಾರ ಪಡೆದವರು ತಮ್ಮ ಹೆಜ್ಜೆಗುರುತಿನ ಸಾಲನ್ನು ಅಷ್ಟೇ ಸುಲಭವಾಗಿ ಅಳಿಸಬಹುದಿತ್ತು ಎಂಬುದೂ ನಿಜ.

2011ರ ನವೆಂಬರ್‌ನಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಲಿನಕ್ಸ್‌ಗೆ 'ಜರ್ನಲ್' ಎಂಬ ಹೊಸ ವ್ಯವಸ್ಥೆ ಪ್ರಕಟಿಸಿದರು. ಇದು ಬೈನರಿ ರೂಪದ್ದು. ಸೂಚಿ ಇರುವುದರಿಂದ ಹುಡುಕಾಟ ಬಲು ಬೇಗ. ಆದರೆ ಓದಲು ಜರ್ನಲ್‌ಸಿಟಿಎಲ್ ಎಂಬ ಆದೇಶವೇ ಬೇಕು. 2013ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ ವಿತರಣೆ ಫೆಡೋರಾ 20, ಹಳೆಯ ಬಗೆಯ ಸಿಸ್‌ಲಾಗ್ ಸೇವೆಯನ್ನು ತನ್ನ ಮೂಲ ಅನುಸ್ಥಾಪನೆಯಿಂದ ಕೈಬಿಟ್ಟಿತು. 2023ರ ಜೂನ್‌ನಲ್ಲಿ ಇನ್ನೊಂದು ವಿತರಣೆಯಾದ ಡೆಬಿಯನ್ 12 ಅದೇ ದಾರಿ ಹಿಡಿಯಿತು. ಹೊಸದಾಗಿ ಅನುಸ್ಥಾಪಿಸಿದ ಡೆಬಿಯನ್‌ನಲ್ಲಿ ಲಾಗ್ ಕಡತಗಳಿಗೆಂದೇ ಇರುವ ವಾರ್-ಲಾಗ್ (/var/log) ಫೋಲ್ಡರ್ ತೆರೆದರೆ 'ಸಿಸ್‌ಲಾಗ್' ಕಡತವೇ ಇಲ್ಲ, ಲಾಗಿನ್ ಯತ್ನಗಳು ದಾಖಲಾಗುತ್ತಿದ್ದ 'ಆಥ್.ಲಾಗ್' ಕೂಡ ಇಲ್ಲ.

ಇದರ ಪೆಟ್ಟು ಬೀಳುವುದು ಓದುವ ಮನುಷ್ಯರಿಗಿಂತ ಹೆಚ್ಚಾಗಿ ಲಾಗ್ ನಂಬಿ ಕೆಲಸ ಮಾಡುವ ತಂತ್ರಾಂಶಗಳಿಗೆ. ಪಾಸ್‌ವರ್ಡ್ ಊಹಿಸಿ ಮತ್ತೆ ಮತ್ತೆ ಬಾಗಿಲು ತಟ್ಟುವವರನ್ನು ತಡೆಯುವ ಫೇಲ್‌ಟುಬ್ಯಾನ್, 'ಆಥ್.ಲಾಗ್' ಸಿಗದೆ ಡೆಬಿಯನ್ 12ರಲ್ಲಿ ಶುರುವಾಗಲೇ ನಿರಾಕರಿಸುವುದುಂಟು. ಜರ್ನಲ್‌ನಿಂದಲೇ ಓದು ಎಂದು ಅದರ ಸಂರಚನೆಯಲ್ಲಿ ತಿದ್ದಿದರೆ ಸರಿಹೋಗುತ್ತದೆ. ಹಳೆಯ ಸೇವೆಯನ್ನು ಉಳಿಸಿಕೊಂಡವರಿಗೂ ಅದೇ ಆವೃತ್ತಿಯಲ್ಲಿ ಇನ್ನೊಂದು ತೊಡಕಿದೆ: ದಿನಾಂಕ, ಸಮಯ ಬರೆಯುವ ಕ್ರಮ ಬದಲಾಯಿತು. ಲಾಗ್ ಕಣ್ಣೆದುರೇ ಇದ್ದರೂ, ಹಳೆಯ ಕ್ರಮಕ್ಕೆ ಹೊಂದಿಸಿದ ವಿಶ್ಲೇಷಕ ಅದನ್ನು ಗುರುತಿಸುವುದಿಲ್ಲ.

ಜರ್ನಲ್‌ನಲ್ಲಿ ನಿಜವಾಗಿಯೂ ಲಾಗ್ ಕಳೆದುಹೋಗುವ ಸಂದರ್ಭವೂ ಇದೆ, ಇದೇ ಗಂಭೀರವಾದದ್ದು. ವಾರ್-ಲಾಗ್ ಒಳಗೆ 'ಜರ್ನಲ್' ಎಂಬ ಫೋಲ್ಡರ್ ಇದ್ದರೆ ಮಾತ್ರ ಡಿಸ್ಕಿಗೆ ಬರೆ, ಇಲ್ಲದಿದ್ದರೆ ಮೆಮೊರಿಯಲ್ಲಿ ಇಟ್ಟುಕೋ ಎಂಬುದು ಬಹುತೇಕ ಆವೃತ್ತಿಗಳಲ್ಲಿ ಅದರ ಮೂಲ ನಿಯಮ. ಮೆಮೊರಿಯಲ್ಲಿದ್ದದ್ದು ರೀಬೂಟ್ ಆದೊಡನೆ ಇಲ್ಲವಾಗುತ್ತದೆ. ಹಿಂದಿನ ಬೂಟ್‌ಗಳ ಪಟ್ಟಿ ಕೇಳಿದಾಗ ಈಗಿನ ಒಂದೇ ಬೂಟ್ ಕಂಡರೆ ಮೊದಲು ಈ ಫೋಲ್ಡರನ್ನೇ ನೋಡಬೇಕು. ಡೆಬಿಯನ್ 2021ರ ಆವೃತ್ತಿ 11ರಿಂದಲೇ ಡಿಸ್ಕಿಗೆ ಬರೆಯುವುದನ್ನು ಮೂಲ ಆಯ್ಕೆಯಾಗಿಸಿದ್ದು ಒಳ್ಳೆಯ ನಿರ್ಧಾರ.

ಆ್ಯಪಲ್ ಮ್ಯಾಕ್‌ನಲ್ಲಿ ಪಠ್ಯ ಕಡತದಿಂದ ಹೊಸ ಲಾಗ್ ವ್ಯವಸ್ಥೆಯತ್ತ ತಿರುವು ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಸಿಯೆರಾ ಆವೃತ್ತಿಯೊಂದಿಗೆ. 'ಸಿಸ್ಟಂ.ಲಾಗ್' ಕಡತ ಉಳಿಯಿತು, ಅದರೊಳಗೆ ಬರುವ ಸಾಲುಗಳು ಬತ್ತಿದವು. ಕನ್ಸೋಲ್ ಆ್ಯಪ್ ತೆರೆದ ಕ್ಷಣದಿಂದ ಮುಂದಿನದನ್ನಷ್ಟೇ ತೋರಿಸುತ್ತದೆ; ಹಿಂದಿನದಕ್ಕೆ ಟರ್ಮಿನಲ್‌ನಲ್ಲಿ ಲಾಗ್ ಶೋ ಆದೇಶ ಕೊಡಬೇಕು. ವಿಂಡೋಸ್‌ನಲ್ಲಿ ಇವೆಂಟ್ ಲಾಗ್‌ನ ಕಡತದ ರೂಪ, ಜಾಗ ಎರಡೂ 2007ರ ವಿಸ್ಟಾದಲ್ಲೇ ಬದಲಾದವು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದ ಮೇಲೆ 11ಕ್ಕೆ ಹೋದವರು ಹಳೆಯ ಲಾಗನ್ನು ಹುಡುಕಬೇಕಾದದ್ದು 'ವಿಂಡೋಸ್.ಓಲ್ಡ್' ಫೋಲ್ಡರಿನಲ್ಲಿ. ಸಾಮಾನ್ಯವಾಗಿ 10 ದಿನಗಳ ನಂತರ ಆ ಫೋಲ್ಡರ್ ತಾನಾಗಿ ಅಳಿಯುತ್ತದೆ.

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದಲ್ಲಿ ಹಳೆಯ ಮನೆ ಕೊಳ್ಳುವವರಿಗೆ ಹಳೆಯ, ಹೊಸ ದಾಖಲೆಗಳ ನಡುವಿನ ಇಂಥ ಗಡಿ ಪರಿಚಿತ. 2004ರ ಏಪ್ರಿಲ್ 1ರಿಂದ ಈಚಿನ ಋಣಭಾರ ಪ್ರಮಾಣಪತ್ರ (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದು ಕೈಬರಹದ ಪುಸ್ತಕಗಳಲ್ಲಿದೆ. ಎರಡನ್ನೂ ತೆಗೆಸದೆ ಮನೆಯ ಚರಿತ್ರೆ ಪೂರ್ತಿಯಾಗದು. ಅಪ್‌ಗ್ರೇಡ್ ದಾಟಿದ ಯಂತ್ರದ ಲಾಗ್ ಕೂಡ ಹಾಗೆಯೇ ಎರಡು ಕಡೆ ಹಂಚಿಹೋಗಿರುತ್ತದೆ.

ಭಾರತದಲ್ಲಿ ಲಾಗ್ ಉಳಿಸಿಡುವುದು ಈಗ ಕಾನೂನಿನ ವಿಷಯವೂ ಹೌದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು, ಸರ್ಕಾರಿ ಕಚೇರಿಗಳು ತಮ್ಮೆಲ್ಲ ವ್ಯವಸ್ಥೆಗಳ ಲಾಗನ್ನು 180 ದಿನ ಕಾಪಿಡಬೇಕು; ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಸಣ್ಣ, ಮಧ್ಯಮ ಉದ್ದಿಮೆಗಳಿಗೆ ಆ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಸಿಕ್ಕಿತ್ತು. ಕೆಂಗೇರಿ ಕಡೆಯ ಐಟಿ ಪಾರ್ಕುಗಳಲ್ಲಿ ಇದನ್ನೇ ನೋಡಿಕೊಳ್ಳುವ ತಂಡಗಳಿರಬಹುದು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಒಂದೇ ಸರ್ವರ್ ಇಟ್ಟುಕೊಂಡ ಸಣ್ಣ ಕಂಪನಿಗೂ ನಿಯಮ ಅದೇ. ಜರ್ನಲ್‌ನ ಮೂಲ ಮಿತಿ ಡಿಸ್ಕಿನ ಶೇ 10ರಷ್ಟು, ಅದೂ 4 ಜಿಬಿಯೊಳಗೆ; ವಿಂಡೋಸ್‌ನ ಮುಖ್ಯ ಇವೆಂಟ್ ಲಾಗ್‌ಗಳಿಗೆ ತಲಾ 20 ಎಂಬಿ. ಮಿತಿ ತುಂಬಿದೊಡನೆ ಹಳೆಯದು ಅಳಿಯುತ್ತದೆ. ಬಿಡುವಿಲ್ಲದೆ ದುಡಿಯುವ ಸರ್ವರ್‌ಗೆ ಅಷ್ಟರಲ್ಲಿ 180 ದಿನ ಹಿಡಿಸದು.

ಆದ್ದರಿಂದ ಅಪ್‌ಗ್ರೇಡ್‌ಗೆ ಮುಂಚೆಯೇ ಇದ್ದ ಲಾಗನ್ನೆಲ್ಲ ಬೇರೊಂದು ಯಂತ್ರಕ್ಕೆ ನಕಲಿಸಬೇಕು, ಮಿತಿ ಹಿಗ್ಗಿಸಬೇಕು, ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲಿ ಲಾಗ್ ಕುರಿತ ಭಾಗವನ್ನು ಓದಬೇಕು. ಲಿನಕ್ಸ್‌ನಲ್ಲಿ ಅಪ್‌ಗ್ರೇಡ್ ಮುಗಿದ ತಕ್ಷಣ 'ಲಾಗರ್' ಆದೇಶದಿಂದ ಒಂದು ಪರೀಕ್ಷಾ ಸಾಲು ಬರೆಸಿ, ಅದು ಯಾವ ಜಾಗ ತಲುಪಿತು ಎಂದು ನೋಡಬೇಕು. ಬಳಿಕ ಒಮ್ಮೆ ರೀಬೂಟ್ ಮಾಡಿ, ಆ ಸಾಲು ಇನ್ನೂ ಇದೆಯೇ ಎಂದು ಮತ್ತೊಮ್ಮೆ ಹುಡುಕಬೇಕು.